ಅಕ್ಕನ ಕಾರಿನ ಚಾವಣಿ

ಆ ಭಾನುವಾರ ಅಕ್ಕ ನನ್ನ ಮುಖ ನೋಡಿದಳು. ನಾನು ಮಾತಾಡಲಿ ಎಂದು ಕಾದಳು. ಒಂದು ರೊಟ್ಟಿ ಬಡಿಯುವಷ್ಟು ಹೊತ್ತು ಕಾದಳು. ನಾನು ಬಾಯಿ ಬಿಡಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದೆ. ಫೋನಿನ ಆ ಕಡೆ ಅವಳ ಮಗಳು ಉತ್ತರಕ್ಕೆ ಕಾಯುತ್ತಿದ್ದಳು. ನಾನು ಎರಡು ಮಾತು ಹೇಳಿದ್ದರೆ ತಾಯಿ ಮಗಳ ನಡುವೆ ಏನೂ ಕೆಡುತ್ತಿರಲಿಲ್ಲ. ಹೇಳಲಿಲ್ಲ. ಅಕ್ಕ ತೀರಿಕೊಂಡ ಮೇಲೂ ಒಂದು ವರ್ಷ ಹೇಳದೆಯೇ ಇದ್ದೆ.

ನಮ್ಮ ಕನ್ನಡ ಸಂಘದವರು ಸಂಚಿಕೆಗೆ ಅಕ್ಕನ ಬಗ್ಗೆ ಬರೆದುಕೊಡಿ ಎಂದರು. ತಮ್ಮನೇ ಬರೆದರೆ ಚೆಂದ ಎಂದರು. ನಾನು ಏಳನೇ ಇಯತ್ತೆಯವರೆಗೆ ಓದಿದವನು, ಬರೆದು ರೂಢಿಯಿಲ್ಲ. ಅವರಿಗೆ ಬೇಕಾದದ್ದು ನಾಲ್ಕು ಒಳ್ಳೆಯ ಮಾತು ಎಂದು ನನಗೆ ಗೊತ್ತು. ಆದರೆ ಅಕ್ಕನ ಬಗ್ಗೆ ಒಳ್ಳೆಯ ಮಾತು ಬರೆಯಬೇಕಾದರೆ ನನ್ನ ಬಗ್ಗೆ ಕೆಟ್ಟ ಮಾತು ಬರೆಯದೆ ದಾರಿಯಿಲ್ಲ.

ಅಕ್ಕ ಯಾವುದನ್ನೂ ಎರಡು ಸಲ ಹೇಳುತ್ತಿರಲಿಲ್ಲ. ಮೊದಲು ಇದನ್ನು ತಿಳಿಸಬೇಕು.

ನಮ್ಮ ಹುಬ್ಬಳ್ಳಿ ಕಡೆ ಊಟಕ್ಕೆ ಕೂತವರು ಬ್ಯಾಡ ಅಂದರೆ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಡುವ ಜನ ನಾವು. ಎರಡು ಸಲ ಬ್ಯಾಡ ಅನ್ನುವುದು ಉಣ್ಣುವವರ ಮರ್ಯಾದೆ, ಮೂರನೇ ಸಲ ಹಾಕುವುದು ಬಡಿಸುವವರ ಮರ್ಯಾದೆ. ಅಕ್ಕನೂ ಅದೇ ಮನೆಯಲ್ಲಿ ಬೆಳೆದವಳು. ಆದರೂ ಒಪ್ಪುತ್ತಿರಲಿಲ್ಲ. ಅಮೆರಿಕದ ಎಲಿಕಾಟ್ ಸಿಟಿಯ ಅವಳ ಮನೆಗೆ ಒಮ್ಮೆ ಮೈಸೂರಿನ ಗಂಡ ಹೆಂಡತಿ ಬಂದಿದ್ದರು. ಲ್ಯಾನ್‌ಹ್ಯಾಮಿನ ಗುಡಿಯಿಂದ ನೇರವಾಗಿ ಬಂದವರು, ಹಸಿದಿದ್ದರು. ಒಂದು ಹೋಳಿಗೆ ಆದ ಮೇಲೆ ಅಕ್ಕ "ಇನ್ನೊಂದು?" ಅಂದಳು. ಆ ಮನುಷ್ಯ "ಅಯ್ಯೋ ಸಾಕು ಆಂಟಿ" ಅಂದ. ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಇಟ್ಟುಬಿಟ್ಟಳು. ಅವನು ಆ ಡಬ್ಬಿ ಹೋದ ದಿಕ್ಕನ್ನೇ ನೋಡುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾರು ಹತ್ತುವಾಗ ಹೆಂಡತಿಗೆ "ಹೋಗ್ತಾ ಪಿಜ್ಜಾ ತಗೊಂಡ್ಬಿಡೋಣ ಕಣೇ" ಅಂದ. ನಾನು ಅದನ್ನು ಅಕ್ಕನಿಗೆ ಹೇಳಿದೆ.

"ಸಾಕು ಅಂದ್ರಲ್ಲ?" ಅಂದಳು.

"ಅಕ್ಕಾ, ಅದು ಹಂಗ ಅನ್ನೂದು."

"ಹಂಗ್ಯಾಕ ಅನಬೇಕು? ನಾ ಬ್ಯಾಡ ಅಂದ್ರ ಬ್ಯಾಡ. ಅವರಂದ್ರೂ ಬ್ಯಾಡಂತ ತಿಳಕೋತೀನಿ. ಮನಿಗೆ ಬಂದವರು ಸುಳ್ಳು ಹೇಳಾಕತ್ತಾರ ಅಂತ ತಿಳಕೊಂಡು ಬಡಸೂದು ಏನ್ ಚೆಂದ ತಮ್ಮಾ?"

ಅವಳ ಕೆಲಸವೂ ಹಾಗೆಯೇ ಇತ್ತು. ಒಂದು ಪ್ರಯೋಗಾಲಯದಲ್ಲಿ ಲೋಹದ ಪರೀಕ್ಷೆ ಮಾಡುತ್ತಿದ್ದಳು. ಕಬ್ಬಿಣ, ಅಲ್ಯೂಮಿನಿಯಂ ತುಂಡುಗಳನ್ನು ಯಂತ್ರಕ್ಕೆ ಕಚ್ಚಿಸಿ, ಮುರಿಯುವ ತನಕ ಎಳೆದು, ಎಷ್ಟಕ್ಕೆ ಮುರಿಯಿತು ಎಂದು ಬರೆದುಕೊಳ್ಳುವುದು. ಮೂವತ್ತು ವರ್ಷ ಅದನ್ನೇ ಮಾಡಿದಳು. ಮನೆಗೆ ಬಂದು "ಇವತ್ತೊಂದು ಛಲೋ ಮುರೀತು" ಅನ್ನುತ್ತಿದ್ದಳು. ಬೇರೆಯವರ ಮನೆಯಲ್ಲಿ ಮಕ್ಕಳ ಮಾರ್ಕಿನ ಬಗ್ಗೆ ಹೇಳುವ ದನಿಯಲ್ಲಿ.

ನನ್ನ ಕೆಲಸವೂ ಲೋಹದ್ದೇ. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮಾಡುತ್ತಿದ್ದೆ. ಗುದ್ದಿಸಿಕೊಂಡ ಗಾಡಿಗಳ ತಗಡು ಎತ್ತುವುದು, ಬೆಸೆಯುವುದು, ತಿಕ್ಕುವುದು. ಅಕ್ಕ ನನ್ನ ಹೆಸರಿಗೆ ವೀಸಾ ಅರ್ಜಿ ಹಾಕಿ ಹನ್ನೆರಡು ವರ್ಷ ಕಾದು 2008ರಲ್ಲಿ ಕರೆಸಿಕೊಂಡಳು. ಭಾವ ಅದಕ್ಕೂ ಮೊದಲೇ ತೀರಿಹೋಗಿದ್ದರು. ನನಗೆ ಸಂಸಾರವಿರಲಿಲ್ಲ. ಅವಳ ಬೇಸ್‌ಮೆಂಟಿನಲ್ಲಿ ಇದ್ದೆ. ಗಾಡಿ ರಿಪೇರಿಯ ಒಂದು ಬಾಡಿ ಶಾಪಿನಲ್ಲಿ ಕೆಲಸ ಹುಡುಕಿಕೊಟ್ಟವಳೂ ಅವಳೇ. ಇಂಗ್ಲಿಷ್ ಬಾರದ ನನ್ನ ಕೈಗೆ ಸುತ್ತಿಗೆ ಕೊಟ್ಟು ಅಲ್ಲಿಯ ಯಜಮಾನನಿಗೆ "ನೋಡು" ಅಂದಳು. ಅಷ್ಟೇ ಶಿಫಾರಸು.

ಬಂದ ಮೊದಲ ದಿನವೇ ಗ್ಯಾರೇಜಿನಲ್ಲಿ ಅವಳ ಕಾರು ನೋಡಿದೆ. ಎಪ್ಪತ್ತರ ಮಾಡೆಲ್, ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಕೀಲಿ ತಿರುಗಿಸಿದರೆ ಎದೆಯೊಳಗೆ ಗುಡುಗುತ್ತಿತ್ತು. ಇಂಥವನ್ನು ಇಲ್ಲಿ ಮಸಲ್ ಕಾರ್ ಅನ್ನುತ್ತಾರೆ. ಅಕ್ಕ, ಭಾವ ಕೆರೊಲಿನಾದಲ್ಲಿ ಓದುತ್ತಿದ್ದಾಗ ಕೊಂಡದ್ದು. ಆಗ ಅದು ಯಾರಿಗೂ ಬೇಡವಾದ, ಪೆಟ್ರೋಲು ಕುಡಿಯುವ ಹಳೇ ಡಬ್ಬ. ನಮ್ಮ ದೇಶದ ಹುಡುಗರಿಗೆ ಅಗ್ಗಕ್ಕೆ ಸಿಗುತ್ತಿದ್ದದ್ದೇ ಅಂಥವು. ಆಮೇಲೆ ಜನ ಅದಕ್ಕೆ ಕ್ಲಾಸಿಕ್ ಅಂದರು. ಅಕ್ಕ ಆಗಲೂ "ನನ್ನ ಗಾಡಿ" ಅನ್ನುತ್ತಿದ್ದಳು, ಆಮೇಲೂ ಅಷ್ಟೇ ಅಂದಳು. ಹಸಿರು ಬಣ್ಣ ಮಾಸಿತ್ತು. ಹಿಂದಿನ ಎಡ ಪಕ್ಕದಲ್ಲಿ ಅಂಗೈಯಗಲ ತಗ್ಗು. ಮಗಳು ಹುಟ್ಟಿದ ದಿನ ಭಾವ ಗಡಿಬಿಡಿಯಲ್ಲಿ ಆಸ್ಪತ್ರೆಯ ಕಂಬಕ್ಕೆ ಗುದ್ದಿದ್ದು.

"ಅಕ್ಕಾ, ಒಂದು ತಾಸಿನ ಕೆಲಸ. ಎಲ್ಲಿ ಬಡದಿತ್ತು ಅಂತ ಹುಡುಕಿದ್ರೂ ಸಿಗಬಾರದು, ಹಂಗ ಮಾಡ್ತೀನಿ" ಅಂದೆ. ಹುಬ್ಬಳ್ಳಿಯಲ್ಲಿ ಟಿಂಕರ್‌ಗೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

"ಹುಡುಕಿದ್ರ ಸಿಗಬೇಕು ನನಗ. ಮುಟ್ಟಬ್ಯಾಡ" ಅಂದಳು.

ಅದರ ಕಿಟಕಿ ಸಿಕ್ಕಿಕೊಂಡಾಗ ಒಮ್ಮೆ ಬಾಗಿಲಿನ ಒಳಹಲಗೆ ತೆಗೆದೆ. ಒಳಗಿನ ತಗಡಿನ ಮೇಲೆ ಹಳದಿ ಬಳಪದಲ್ಲಿ ಯಾರೋ ಒಂದು ಗೆರೆ ಎಳೆದು ಪಕ್ಕದಲ್ಲಿ ಏಳರ ಅಂಕಿ ಗೀಚಿದ್ದರು. ಕಾರ್ಖಾನೆಯಲ್ಲಿ ಕಾರು ಕಟ್ಟುವಾಗ ಪರೀಕ್ಷೆ ಮಾಡಿದವನ ಗುರುತು. ನಾನು ಒರೆಸಲು ಬಟ್ಟೆ ತಗೊಂಡೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಕನ್ನಡಕ ಮೇಲೆ ಮಾಡಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. "ಯಾಂವೋ ಮುಂಜಾನೆ ಡಬ್ಬಿ ಕಟಗೊಂಡು ಕೆಲಸಕ್ಕ ಬಂದಿದ್ದ. ಏಳಂತ ಬರದು ಮುಂದ ಹ್ವಾದ. ಅವನ ಕೈ ನೋಡು, ಎಷ್ಟು ಅವಸರ ಐತಿ" ಅಂದಳು. ಒರೆಸದೆ ಹಲಗೆ ಮುಚ್ಚಿದೆ.

ಇದರಿಂದ ಅವಳನ್ನು ಹಠಮಾರಿ ಅಂದುಕೊಳ್ಳಬೇಡಿ. ಬೇಸಿಗೆಯ ಭಾನುವಾರ ಮುಂಜಾನೆ ಒಂದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಇಂಥ ಕಾರಿನವರು ಸೇರುತ್ತಿದ್ದರು. ಅಲ್ಲಿ ಎರಡು ಪಂಗಡ. ಒಂದು, ಕಾರ್ಖಾನೆಯಿಂದ ಬಂದಂತೆ ಒಂದು ಸ್ಕ್ರೂ ಬದಲಿಸದೆ ಇಡುವವರು. ಇನ್ನೊಂದು, ಚಾವಣಿ ಕೊಯ್ದು, ಮೂತಿ ತಗ್ಗಿಸಿ, ಪಕ್ಕೆ ಅಗಲಿಸಿ ಬೇರೆ ಆಕಾರವನ್ನೇ ಮಾಡುವವರು. ಇಬ್ಬರೂ ಕಾಫಿ ಹಿಡಿದುಕೊಂಡು ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ಸೀರೆ ಉಟ್ಟು ಗೇರ್ ಹಾಕುವ ಅಕ್ಕನನ್ನು ಇಬ್ಬರೂ ಇಷ್ಟಪಡುತ್ತಿದ್ದರು. ಚಾವಣಿಯೇ ಇಲ್ಲದಂತೆ ಮಾಡಿದ ಒಂದು ಕೆಂಪು ಕಾರಿನ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಕ್ಕ ಪಕ್ಕಕ್ಕೆ ಬಂದು ಬೆಸುಗೆಯ ಮೇಲೆ ಬೆರಳಾಡಿಸಿ, "ಭಾಳ ಛಲೋ ಕೆಲಸ. ಅವನ ಗಾಡಿ, ಅವ ಕೊಯ್ಕೊಂಡಾನ" ಅಂದಳು. ನನ್ನ ಮುಖ ನೋಡಿ, ಸ್ವಲ್ಪ ನಕ್ಕು, "ನಿನ್ನ ಕೈ ತುರಸಾಕತ್ತೈತಿ. ನಂದರ ತಂಟೇಕ ಬರಬ್ಯಾಡಪಾ" ಅಂದಳು.

ಮಗಳು ನೀತಾಳಿಗೆ ಗೇರ್ ಹಾಕುವುದನ್ನು ಕಲಿಸಿದ್ದು ಅದೇ ಕಾರಿನಲ್ಲಿ. ಕ್ಲಚ್ ಬಿಡಲು ಬಾರದೆ ಹುಡುಗಿ ಅತ್ತಿದ್ದಳಂತೆ. ಆವತ್ತೇ ಅಕ್ಕ "ಇದು ನಿನಗ. ಹೆಂಗೈತೋ ಹಂಗ ಕೊಡ್ತೀನಿ" ಎಂದು ಮಾತು ಕೊಟ್ಟಳು. ನೀತಾ ಮದುವೆಯಾಗಿ ಅಟ್ಲಾಂಟಾದ ಆಚೆ ಕಮ್ಮಿಂಗ್‌ನಲ್ಲಿ ಹೊಸ ಮನೆ ಮಾಡಿದಾಗ ಮೂರು ಕಾರಿನ ಗ್ಯಾರೇಜ್ ಕಟ್ಟಿಸಿ ಒಂದು ಜಾಗ ಖಾಲಿ ಬಿಟ್ಟಳು. ಬಂದವರಿಗೆಲ್ಲ "ಅದು ಅಮ್ಮನ ಕಾರಿಗೆ" ಅನ್ನುತ್ತಿದ್ದಳು.

2016ರಲ್ಲಿ ಅಕ್ಕನ ಎಡಗಾಲಿನ ಮೂಳೆಯಲ್ಲಿ ಗಡ್ಡೆ ಸಿಕ್ಕಿತು. ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಕ್ಲಚ್ ತುಳಿಯುವ ಕಾಲು ಅದು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವಳು ಡಾಕ್ಟರಿಗೆ ಕೇಳಿದ ಮೊದಲ ಪ್ರಶ್ನೆ ಎಲ್ಲಿ ಕೊಯ್ದಿರಿ, ಎಷ್ಟು ಇಂಚು ಮೇಲೆ ಎಂದು. ಅತ್ತದ್ದನ್ನು ನಾನು ನೋಡಲಿಲ್ಲ.

ಮನೆಗೆ ಬಂದ ಮೇಲೆ ಮಧ್ಯಾಹ್ನಗಳಲ್ಲಿ ಗ್ಯಾರೇಜಿಗೆ ಗಾಲಿಕುರ್ಚಿ ತಳ್ಳಿಸಿಕೊಂಡು ಹೋಗಿ ಕಾರಿನ ಪಕ್ಕ ಕೂರುತ್ತಿದ್ದಳು. ಒಳಗೆ ಕೂರಿಸಲು ಒಮ್ಮೆ ನೋಡಿದೆವು. ಕಾರು ತಗ್ಗು, ಬಾಗಿಲು ಉದ್ದ, ತಲೆ ಬಗ್ಗಿಸಿ ಒಂದೇ ಕಾಲಿನ ಮೇಲೆ ತಿರುಗಲು ಅವಳಿಗೆ ಆಗಲಿಲ್ಲ. ಚಾವಣಿಯ ಅಂಚಿಗೆ ಹಣೆ ಬಡಿಯಿತು. ಆಗ ನಾನು ಹೇಳಿದೆ: "ಅಕ್ಕಾ, ಚಾವಣಿ ತಗದಬಿಡ್ತೀನಿ. ಆ ಕೆಂಪು ಗಾಡಿಯಂಗ. ಮ್ಯಾಲಿಂದ ಎತ್ತಿ ಕೂಡ್ರಸ್ತೀನಿ ನಿನ್ನ. ಬಿಸಲಾಗ ಅಡ್ಡಾಡಿಕೊಂಡು ಬರೂಣು."

ಅಕ್ಕ ಹಣೆ ತಿಕ್ಕಿಕೊಳ್ಳುತ್ತ, "ಬ್ಯಾಡ. ನನ್ನ ಕೊಯ್ದದ್ದು ಸಾಕು, ಅದನ್ನ ಕೊಯ್ಯಬ್ಯಾಡ" ಅಂದಳು.

ಒಂದು ಸಲ ಅಂದಳು. ಅವಳು ಯಾವಾಗಲೂ ಅನ್ನುತ್ತಿದ್ದದ್ದೇ ಒಂದು ಸಲ. ಈ ಲೋಕದಲ್ಲಿ ಅದು ನನ್ನಷ್ಟು ಗೊತ್ತಿದ್ದವರು ಯಾರೂ ಇಲ್ಲ. ಆದರೂ ನಾನು ಅದನ್ನು ತಾಟಿನ ಮುಂದೆ ಕೂತವರ ಬ್ಯಾಡ ಎಂದು ತೆಗೆದುಕೊಂಡೆ. ತಮ್ಮನಿಗೆ ತೊಂದರೆ ಕೊಡಬಾರದೆಂದು ಅನ್ನುತ್ತಾಳೆ, ಮುಗಿದ ಮೇಲೆ ಸಂತೋಷಪಡುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಅರ್ಧ ನಿಜ. ಉಳಿದರ್ಧ, ನನ್ನ ಕೈ ತುರಿಸುತ್ತಿತ್ತು. ಅವಳ ಮನೆಯಲ್ಲಿ, ಅವಳು ಕೊಡಿಸಿದ ಕೆಲಸದಲ್ಲಿ, ಅವಳು ಹಾಕಿದ ಅರ್ಜಿಯ ಮೇಲೆ ಬದುಕುತ್ತಿದ್ದವನು ನಾನು. ನನಗೆ ಬರುವ ಒಂದೇ ವಿದ್ಯೆಯನ್ನು ಅವಳ ಮೇಲೆ ತೋರಿಸಬೇಕಿತ್ತು.

ಒಂದೇ ಕಾಲಿನಲ್ಲಿ ಓಡಾಡುವುದನ್ನು ಕಲಿಯಲು ಅವಳು ಮೂರು ವಾರ ರಿಹ್ಯಾಬ್‌ಗೆ ಹೋದಾಗ ಕೊಯ್ದೆ.

ಒಳಗಿನ ಬಟ್ಟೆ ಕಿತ್ತಾಗ ಚಾವಣಿಯ ತಗಡಿನ ಕೆಳಗೆ ಅದೇ ಹಳದಿ ಬಳಪದ ಬರಹ ಕಂಡಿತು. ಅದೇ ಕೈ, ಅದೇ ಅವಸರ, ಈ ಸಲ ಎರಡು ಅಂಕಿ. ತಗಡು ಕೊಯ್ಯಲು ಹಿಡಿದಿದ್ದ ಗ್ರೈಂಡರ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಬಟ್ಟೆ ಹೊಸದು ಹಾಕಿದ್ದರೆ ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಮತ್ತೆ ಚಾಲೂ ಮಾಡಿದೆ.

ನಾನು ಹುಬ್ಬಳ್ಳಿಯಲ್ಲಿ ಎಷ್ಟೋ ಜೀಪುಗಳ ಚಾವಣಿ ಕೊಯ್ದಿದ್ದೇನೆ. ಜೀಪಿಗೆ ಕೆಳಗೆ ಚಾಸಿ ಎಂಬ ಬೇರೆ ಚೌಕಟ್ಟು ಇರುತ್ತದೆ, ಮೇಲೆ ಏನು ಕೊಯ್ದರೂ ಅದು ಅಲುಗುವುದಿಲ್ಲ. ಈ ಕಾರಿಗೆ ಹಾಗಿಲ್ಲ. ಇದರ ಮೈಯೇ ಇದರ ಎಲುಬು. ಚಾವಣಿ ಆ ಎಲುಬಿನ ಒಂದು ಭಾಗ. ಮೊದಲು ಒಳಗೆ ಪೈಪು ಬೆಸೆದು ಬಿಗಿ ಮಾಡಿಕೊಂಡು ಆಮೇಲೆ ಕೊಯ್ಯಬೇಕು. ನಾನು ಕೊಯ್ದು ಆಮೇಲೆ ಬೆಸೆದೆ. ಚಾವಣಿ ಹೊತ್ತ ಕೊನೆಯ ಕಂಬ ಕೊಯ್ದಾಗ ಕಾರು ಒಂದು ಸಲ ನರಳಿದಂತೆ ಸದ್ದು ಮಾಡಿ ನಡುವೆ ಕುಸಿಯಿತು. ಬೆರಳಿನ ದಪ್ಪದಷ್ಟು, ಹೆಚ್ಚಲ್ಲ. ಜ್ಯಾಕ್ ಕೊಟ್ಟು ಎತ್ತಿದೆ, ಬೆಸೆದೆ, ಮತ್ತೆ ಎತ್ತಿದೆ. ಚಾವಣಿ ನೆಲದ ಮೇಲೆ ಬೋರಲಾಗಿ ಬಿದ್ದಿತ್ತು.

ಅಕ್ಕ ಬಂದ ದಿನ ಗ್ಯಾರೇಜಿನ ಬಾಗಿಲು ಎತ್ತಿ, "ನೋಡಕ್ಕಾ" ಅಂದೆ.

ಅವಳು ಕಾರಿನ ಮೂತಿಯಿಂದ ಹಿಂಭಾಗದ ತನಕ ಕಣ್ಣಾಡಿಸಿದಳು. ಆಮೇಲೆ ಕೇಳಿದ್ದು ಒಂದೇ. "ಬಾಗಲಾ ಮುಚ್ಚತಾವೇನು?"

"ಮುಚ್ಚತಾವ" ಎಂದು ದೂಡಿದೆ. ಮುಚ್ಚಲಿಲ್ಲ. ಸೊಂಟ ಕೊಟ್ಟು ದೂಡಿದೆ. ಕೊಂಡಿ ಕಚ್ಚಲಿಲ್ಲ. ಅಕ್ಕ ಕುರ್ಚಿ ಮುಂದಕ್ಕೆ ತಳ್ಳಿಕೊಂಡು ಬಂದು ಬಾಗಿಲಿನ ಸಂದಿಯಲ್ಲಿ ಕಿರುಬೆರಳು ಇಟ್ಟಳು. ಮೇಲಿನಿಂದ ಕೆಳಗಿನ ತನಕ ಇಳಿಸಿದಳು. ಮೇಲೆ ಬೆರಳು ಹೋಗಲಿಲ್ಲ, ಕೆಳಗೆ ಸಡಿಲವಾಗಿ ಹೋಯಿತು. ಕಾರಿನ ಎಲುಬು ಬಾಗಿದೆ ಎಂದು ಮೂವತ್ತು ವರ್ಷ ಲೋಹ ಮುರಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೆಲದ ಮೇಲಿನ ಚಾವಣಿ ನೋಡಿ, "ಅದನ್ನ ಗುಜರಿಗೆ ಹಾಕಬ್ಯಾಡ" ಅಂದಳು. ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದಳು. ಆ ಕಾರಿನಲ್ಲಿ ಅವಳು ಒಮ್ಮೆಯೂ ಕೂರಲಿಲ್ಲ.

ನಾನು ಕ್ಷಮೆ ಕೇಳಲಿಲ್ಲ. ಅದರ ಬದಲು ಕಾರಿನ ಫೋಟೋ ತೆಗೆದು ಬಾಡಿ ಶಾಪಿನವರಿಗೆ ತೋರಿಸಿದೆ. ಫೋಟೋ ಅಲ್ಲಿಂದ ಇಲ್ಲಿಂದ ನಮ್ಮ ಜನರ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ಅಕ್ಕನಿಗಾಗಿ ತಮ್ಮ ಮಾಡಿದ ಕೆಲಸ ಎಂದು ಯಾರೋ ಬರೆದರು. ಗುಡಿಯಲ್ಲಿ ಬೆಂಗಳೂರಿನವರೊಬ್ಬರು ನನ್ನ ಕೈ ಹಿಡಿದು, "ಸಾರ್, ಅಕ್ಕ ಬಿಸಿಲಲ್ಲಿ ಕೂರ್ಬೇಕು ಅಂದಿದ್ದಕ್ಕೆ ರೂಫೇ ತೆಗೆದ್ಬಿಟ್ರಂತೆ? ನಿಮ್ಮಂಥ ತಮ್ಮ ಯಾರಿಗ್ ಸಿಗ್ತಾನೆ ಹೇಳಿ" ಅಂದರು. ಅಕ್ಕ ಹಾಗೆ ಅಂದಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯ ಅಂದುಕೊಂಡರು.

ಆ ಭಾನುವಾರ ನೀತಾ ಫೋನು ಮಾಡಿದಳು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ, ಫೋನು ಸ್ಪೀಕರಿನಲ್ಲಿ. ನಾನು ಕಟ್ಟೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದೆ.

"ಅಮ್ಮಾ, ಫೋಟೋ ನೋಡ್ದೆ. ಯು ಪ್ರಾಮಿಸ್ಡ್ ಮಿ. ನೀನೇ ಕಟ್ ಮಾಡು ಅಂತ ಹೇಳಿದ್ಯಾ?"

ಆಗಲೇ ಅಕ್ಕ ನನ್ನ ಕಡೆ ನೋಡಿದ್ದು. ಸಿಟ್ಟಿನಿಂದ ಅಲ್ಲ. ಯಂತ್ರಕ್ಕೆ ತುಂಡು ಕಚ್ಚಿಸಿ ನೋಡುವ ಹಾಗೆ, ಸುಮ್ಮನೆ, ಪೂರ್ತಿ ಗಮನ ಕೊಟ್ಟು ನೋಡಿದಳು. ನಾನು ರೊಟ್ಟಿಯನ್ನು ತಿರುಗಿಸಿ ಬಡಿದೆ. ಅಂಚು ಸೀಳಿತು, ಕೂಡಿಸಿ ಬಡಿದೆ. ಅಕ್ಕ ಕಣ್ಣು ತೆಗೆದು ಫೋನಿಗೆ ಹೇಳಿದಳು: "ಆಗೈತಿ ಬಿಡವಾ."

ತಪ್ಪನ್ನು ನನ್ನ ಮೇಲೆ ಹಾಕಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ನೀತಾ "ಓಕೆ, ಅಮ್ಮಾ" ಅಂದಳು.

ಆಮೇಲೆ ಭಾನುವಾರದ ಫೋನು ಸಣ್ಣದಾಗುತ್ತ ಬಂತು. ಔಷಧಿ ತಗೊಂಡ್ಯಾ, ಊಟ ಆಯ್ತಾ, ಓಕೆ. ದಸರೆಗೆ ಬರುತ್ತೇನೆ ಅಂದವಳು ಕ್ರಿಸ್ಮಸ್‌ಗೆ ಅಂದಳು, ಕ್ರಿಸ್ಮಸ್ಸಿಗೆ ಮಕ್ಕಳಿಗೆ ಜ್ವರ ಅಂದಳು. ಜೀವಮಾನದಲ್ಲಿ ಕೊಟ್ಟ ಮಾತು ತಪ್ಪದ ತಾಯಿ ತನಗೆ ಕೊಟ್ಟ ಒಂದು ಮಾತನ್ನು ತಪ್ಪಿದಳು ಎಂದು ಆ ಹುಡುಗಿ ನಂಬಿದ್ದಳು. ಅಕ್ಕ ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿರುತ್ತಿದ್ದಳು. ನಾನು ರೊಟ್ಟಿ ಕೊಡುತ್ತಿದ್ದೆ. "ಇನ್ನೊಂದು?" ಅನ್ನುತ್ತಿದ್ದೆ. "ಬ್ಯಾಡ" ಅನ್ನುತ್ತಿದ್ದಳು. ಹಾಕುತ್ತಿರಲಿಲ್ಲ. ಅಷ್ಟು ಮಾತ್ರ ಕಲಿತಿದ್ದೆ.

ಗಡ್ಡೆ ಶ್ವಾಸಕೋಶಕ್ಕೆ ಹಬ್ಬಿತು. ನೀತಾ ಬಂದಾಗ ಅಕ್ಕನಿಗೆ ಮಾತು ನಿಂತು ಎರಡು ದಿನವಾಗಿತ್ತು. ಮಗಳು ಕೈ ಹಿಡಿದು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆಗಲೂ ಹೇಳಬಹುದಿತ್ತು, ಅಕ್ಕನ ಕಿವಿ ಕೇಳುತ್ತದೆ ಎಂದು ನರ್ಸ್ ಹೇಳಿದ್ದಳು. ನಾನು ಕಾಫಿ ತರುತ್ತೇನೆ ಎಂದು ಕೆಳಗೆ ಹೋದೆ.

ಮರುವರ್ಷ ಮನೆ ಖಾಲಿ ಮಾಡುವಾಗ ನೀತಾ "ಕಾರು ನೀವೇ ಇಟ್ಕೊಳಿ ಮಾಮಾ" ಅಂದಳು. ನಾನು ಒಪ್ಪಲಿಲ್ಲ. ಟ್ರೇಲರಿಗೆ ಕಾರು ಹತ್ತಿಸಿ, ಚಾವಣಿಯನ್ನು ಕಂಬಳಿಯಲ್ಲಿ ಸುತ್ತಿ ಮೇಲೆ ಹಗ್ಗ ಬಿಗಿದು, ನನ್ನ ಪಿಕಪ್ಪಿಗೆ ಕಟ್ಟಿಕೊಂಡು ಹೊರಟೆ. ವರ್ಜೀನಿಯಾ ದಾಟಿ, ಎರಡು ಕೆರೊಲಿನಾಗಳನ್ನು ದಾಟಿ ಹೋಗಬೇಕು. ಅಕ್ಕ ಭಾವ ಓದಿದ ಊರಿನ ಫಲಕ ಬಂದಾಗ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಹೇಳುವ ಮಾತನ್ನು ಬಾಯಲ್ಲೇ ಹೇಳಿಕೊಂಡು ನೋಡಿದೆ. ಒಂದೂ ಸರಿಯಾಗಲಿಲ್ಲ.

ಕಮ್ಮಿಂಗ್‌ನ ಗ್ಯಾರೇಜಿನಲ್ಲಿ ಮೂರನೇ ಜಾಗ ಖಾಲಿ ಇರಲಿಲ್ಲ. ಮಕ್ಕಳ ಸೈಕಲ್ಲು, ಹುಲ್ಲು ಕೊಯ್ಯುವ ಯಂತ್ರ ಇದ್ದವು. ನೀತಾ ಹೊರಗೆ ಬಂದು ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿದಳು. ಅಪ್ಪ ಗುದ್ದಿದ ತಗ್ಗಿನ ಮೇಲೆ ಕೈ ಇಟ್ಟಳು. ಆಮೇಲೆ ಕಂಬಳಿ ತೋರಿಸಿ, "ಇದೇನು?" ಅಂದಳು.

"ಚಾವಣಿ. ನಿಮ್ಮವ್ವ ಒಗೀಬ್ಯಾಡ ಅಂದಿದ್ಲು."

"ವೈ? ಅಮ್ಮನೇ ಕಟ್ ಮಾಡ್ಸಿದ್ದಲ್ವಾ?"

ನಾನು ಹಗ್ಗ ಬಿಚ್ಚುತ್ತಿದ್ದೆ. ಗಂಟು ನೋಡುತ್ತಲೇ ಹೇಳಿದೆ. ಅಕ್ಕ ಬ್ಯಾಡ ಅಂದದ್ದು, ಮೂರು ವಾರ, ಬಳಪದ ಅಂಕಿ, ಬಾಗಿಲ ಸಂದಿಯ ಬೆರಳು, ಆ ಭಾನುವಾರದ ರೊಟ್ಟಿ. ಎಷ್ಟು ಹೇಳಿದೆನೋ ಎಷ್ಟು ನುಂಗಿದೆನೋ. ಮುಗಿದಾಗ ಅವಳು ಟ್ರೇಲರಿನ ಅಂಚಿನ ಮೇಲೆ ಕೂತಿದ್ದಳು. ಬೀದಿಯಲ್ಲಿ ಯಾರದೋ ನಾಯಿ ಬೊಗಳುತ್ತಿತ್ತು.

"ಐ ಡಿಡಿಂಟ್ ಕಮ್, ಮಾಮಾ" ಅಂದಳು. "ದಸರಾಕ್ಕೆ ನಾನ್ ಬರ್ಲಿಲ್ಲ."

ನಾನು ಇನ್ನೊಂದು ಗಂಟಿಗೆ ಕೈ ಹಾಕಿದೆ.

"ಫೇಸ್ ನೋಡಿ ಹೇಳಿ. ಹಗ್ಗಕ್ಕೆ ಹೇಳ್ಬೇಡಿ. ಜೋರಾಗಿ ಹೇಳಿ, ಅಮ್ಮನೂ ಇಲ್ಲೇ ಇದ್ದಾಳೆ ಅಂದ್ಕೊಂಡು."

ಅಕ್ಕ ಏನಿದ್ದರೂ ಒಂದೇ ಸಲ ಹೇಳುತ್ತಿದ್ದಳು. ನಾನು ಎರಡನೇ ಸಲ ಹೇಳಬೇಕಾಯಿತು. ಹಗ್ಗ ಬಿಟ್ಟು ಅವಳ ಮುಖ ನೋಡಿದೆ. ಅಕ್ಕನದೇ ಕಣ್ಣು.

"ನಿಮ್ಮವ್ವ ನಿನಗ ಕೊಟ್ಟ ಮಾತು ಮುರೀಲಿಲ್ಲ, ನೀತಾ. ಅಕಿ ಬ್ಯಾಡ ಅಂದ್ಲು, ನಾ ಕೊಯ್ದೆ. ಅಕಿ ನನ್ನ ಮಾರಿ ನೋಡಿದ್ಲು, ನಾ ಸುಮ್ಮನಿದ್ದೆ. ತಪ್ಪು ನಂದು. ತಪ್ಪಾತು, ಅಕ್ಕಾ. ತಪ್ಪಾತವಾ, ನೀತಾ."